ಆಡುವವರನ್ನಲ್ಲ, ಆಡಿಸುವವರನ್ನು ಹುಡುಕಿ: ತಂಬೋಲಾ ಕುರಿತ ಪ್ರಶ್ನೋತ್ತರ

ಲಾಟರಿ ಟಿಕೆಟ್ಟಿನ ಗೆಲುವಿನ ಲೆಕ್ಕವನ್ನು ಬಿಡಿಸಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಲಾಟರಿಯನ್ನು ಬಿಟ್ಟು ತಂಬೋಲಾದ ಬೆನ್ನು ಹತ್ತಿವೆ. ಕೂಗಿದ ಸಂಖ್ಯೆಗಳನ್ನು ಟಿಕೆಟ್ಟಿನಲ್ಲಿ ಹೊಡೆದುಹಾಕುವ ಈ ಆಟವನ್ನು ಹೌಸಿ, ತಂಬೋಲಾ, ಬಿಂಗೋ ಎಂದು ಮೂರು ಹೆಸರುಗಳಿಂದಲೂ ಕೇಳಿದ್ದೀರಿ. ಈ ಸಲದ ಪುಟಗಳನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದ್ದು ಮತ್ತು ವಾಯುಸೇನೆಯಲ್ಲಿದ್ದ ಯಜಮಾನರೊಂದಿಗೆ ಊರೂರು ಸುತ್ತಿದ್ದು, ಎರಡೂ ಒಂದೇ ವಿಷಯಕ್ಕೆ ಉಪಯೋಗಕ್ಕೆ ಬರುವುದು ಅಪರೂಪ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗಣೇಶನ ಹಬ್ಬಕ್ಕೂ ತಂಬೋಲಾ, ರಾಜ್ಯೋತ್ಸವಕ್ಕೂ ತಂಬೋಲಾ. ಹಾವೇರಿ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆಗೆ ಇದೇನೆಂದೇ ತಿಳಿಯಲಿಲ್ಲ. ಮಂಗಳೂರಿನವರಾದ ಪಕ್ಕದ ಮನೆಯವರು ಮಾತ್ರ ಹುಟ್ಟಿದಾಗಿನಿಂದ ಆಡಿದವರಂತೆ ಪೆನ್ನು ಹಿಡಿದು ಕುಳಿತರು. ಒಂದೇ ರಾಜ್ಯದೊಳಗೆ ಇಷ್ಟು ವ್ಯತ್ಯಾಸ ಏಕೆ? (ಎಸ್.ಎಂ., ಬೆಂಗಳೂರು)

ಮೊದಲು ಅತ್ತೆಯವರಿಗಾಗಿ ಆಟವನ್ನು ಹೇಳಿಬಿಡುತ್ತೇನೆ, ಓದಿ ಹೇಳಿ. ಟಿಕೆಟ್ಟಿನಲ್ಲಿ ಅಡ್ಡಕ್ಕೆ ಮೂರು ಸಾಲು, ಉದ್ದಕ್ಕೆ ಒಂಬತ್ತು ಸಾಲು. ಅಡ್ಡಸಾಲಿಗೆ ಐದರಂತೆ ಒಟ್ಟು ಹದಿನೈದು ಸಂಖ್ಯೆಗಳು, ಉಳಿದವು ಖಾಲಿ ಮನೆಗಳು. 1ರಿಂದ 90ರವರೆಗಿನ ಸಂಖ್ಯೆಗಳನ್ನು ಒಬ್ಬರು ಚೀಲದಿಂದ ಒಂದೊಂದಾಗಿ ತೆಗೆದು ಕೂಗುತ್ತಾರೆ. ನಮ್ಮ ಟಿಕೆಟ್ಟಿನಲ್ಲಿದ್ದರೆ ಹೊಡೆದುಹಾಕಬೇಕು. ಯಾವುದಾದರೂ ಐದನ್ನು ಎಲ್ಲರಿಗಿಂತ ಮೊದಲು ಹೊಡೆದವರಿಗೆ ‘ಜಲ್ದಿ ಫೈವ್’, ಆಮೇಲೆ ಮೇಲಿನ ಸಾಲು, ನಡುವಿನ ಸಾಲು, ಕೆಳಗಿನ ಸಾಲು, ಕೊನೆಗೆ ಹದಿನೈದನ್ನೂ ಮುಗಿಸಿದವರಿಗೆ ‘ಫುಲ್ ಹೌಸ್’. ಬುದ್ಧಿ ಖರ್ಚಾಗುವುದಿಲ್ಲ, ಕಿವಿ ನೆಟ್ಟಗಿದ್ದರೆ ಸಾಕು.

ಇಷ್ಟು ಸುಲಭದ ಆಟ ಹಾವೇರಿಯ ಹಳ್ಳಿಗೆ ಏಕೆ ಹೋಗಲಿಲ್ಲ? ಚೌಕಾಬಾರದಂತೆ ಇದನ್ನು ಇಬ್ಬರು ಜಗಲಿಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಮನೆ ಬರೆದುಕೊಂಡು ಆಡಲಾಗುವುದಿಲ್ಲ. ಅಚ್ಚು ಹಾಕಿಸಿದ ಟಿಕೆಟ್ಟು ಬೇಕು, ಹತ್ತಾರು ಜನ ಒಟ್ಟಿಗೆ ಕೂರುವ ಜಾಗ ಬೇಕು, ಕೂಗುವವರು ಬೇಕು, ದುಡ್ಡಿನ ಲೆಕ್ಕ ಇಡಲು ನಂಬಿಕೆಯ ಮನುಷ್ಯ ಬೇಕು. ಎಂದರೆ ಒಂದು ಸಂಸ್ಥೆ ಬೇಕು. ಆದ್ದರಿಂದ ಈ ಆಟ ಯಾವ ಊರಿನಲ್ಲಿ ಬೇರು ಬಿಟ್ಟಿದೆ ಎಂದು ತಿಳಿಯಬೇಕಾದರೆ ಆಡುವವರ ಸ್ವಭಾವವನ್ನು ಕೆದಕಬೇಡಿ, ಆಡಿಸುವವರು ಯಾರು ಎಂದು ಹುಡುಕಿ.

ನಮ್ಮಲ್ಲಿ ಮೊದಲು ಆಡಿಸಿದವರು ಸೇನೆಯವರು. ಬ್ರಿಟಿಷ್ ಸೇನೆಯಲ್ಲಿ ಸಿಪಾಯಿಗಳು ದುಡ್ಡು ಕಟ್ಟಿ ಆಡಲು ಒಪ್ಪಿಗೆಯಿದ್ದ ಆಟ ‘ಹೌಸ್’, ಅವರ ನೌಕಾಪಡೆಯಲ್ಲಿ ಅದೇ ‘ತಂಬೋಲಾ’. ಬೆಂಗಳೂರಿನ ಕಂಟೋನ್ಮೆಂಟ್ 1809ರಷ್ಟು ಹಳೆಯದು. ಅಲ್ಲಿನ ಮೆಸ್ಸು, ಕ್ಲಬ್ಬು, ಆಂಗ್ಲೋ-ಇಂಡಿಯನ್ ಕುಟುಂಬಗಳ ಕ್ರಿಸ್‌ಮಸ್ ಸಂಜೆಗಳಿಂದ ಆಟ ಊರಿಗೆ ಇಳಿಯಿತು. ಕೋಲಾರದ ಚಿನ್ನದ ಗಣಿ, ಹುಬ್ಬಳ್ಳಿಯ ರೈಲ್ವೆ ಕಾಲೊನಿ, ಕೊಡಗು ಮತ್ತು ಚಿಕ್ಕಮಗಳೂರಿನ ತೋಟದ ಮಾಲೀಕರ ಕ್ಲಬ್ಬುಗಳನ್ನೂ ಇದೇ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಮಂಗಳೂರಿನ ದಾರಿ ಬೇರೆ. ಅಲ್ಲಿ ಆಡಿಸುವುದು ಚರ್ಚಿನ ವಾರ್ಡು, ಎಂದರೆ ಒಂದೇ ಚರ್ಚಿಗೆ ಸೇರಿದ ಅಕ್ಕಪಕ್ಕದ ಮನೆಗಳ ಗುಂಪು. ಧರ್ಮಕೇಂದ್ರದ ಪಿಕ್‌ನಿಕ್ಕಿನಲ್ಲಿ, ವಾರ್ಷಿಕ ದಿನದಲ್ಲಿ, ಗಲ್ಫಿಗೆ ಹೋದ ಕರಾವಳಿಯವರ ಸಂಘಗಳಲ್ಲಿ ‘ಹೌಸಿ ಹೌಸಿ’ ಇಲ್ಲದೆ ಊಟಕ್ಕೆ ಏಳುವುದಿಲ್ಲ. ಗೋವಾದಲ್ಲಂತೂ ಊರ ಹಬ್ಬದ ಜೊತೆಗೇ ಹೌಸಿ ಇರುತ್ತದೆ. ನಿಮ್ಮ ಅತ್ತೆಯವರ ಹಳ್ಳಿಯಲ್ಲಿ ಕಂಟೋನ್ಮೆಂಟೂ ಇರಲಿಲ್ಲ, ಕ್ಲಬ್ಬೂ ಇರಲಿಲ್ಲ, ಇಗರ್ಜಿಯೂ ಇರಲಿಲ್ಲ. ಅಂಕಿಗಳ ಹುಚ್ಚು ಇರಲಿಲ್ಲವೆಂದಲ್ಲ. ಅಂಕಿಗೆ ದುಡ್ಡು ಕಟ್ಟಿಸಿಕೊಳ್ಳುವ ಓಸಿ ಚೀಟಿ ಬರೆಯುವವನು ಯಾವ ಹಳ್ಳಿಯನ್ನು ಬಿಟ್ಟಿದ್ದ? ಆದರೆ ಅದು ಬೀಡಿ ಅಂಗಡಿಯ ಹಿಂದೆ ಗಂಡಸರು ಗುಟ್ಟಾಗಿ ನಡೆಸುತ್ತಿದ್ದ ವ್ಯವಹಾರ. ಹೆಂಗಸರೂ ಮಕ್ಕಳೂ ಸೇರಿ ಕೂರುವ ಆಟವಾಗಿ ಬೆಳೆಯಲು ಅದಕ್ಕೆ ದಾರಿಯಿರಲಿಲ್ಲ.

ಈಗ ಅಪಾರ್ಟ್‌ಮೆಂಟ್ ಸಂಘ ಎಂಬ ಹೊಸ ಸಂಸ್ಥೆ ಹುಟ್ಟಿದೆ. ಒಬ್ಬರ ಭಾಷೆ ಒಬ್ಬರಿಗೆ ಬಾರದ ಇನ್ನೂರು ಮನೆಗಳನ್ನು ಒಂದು ತಾಸು ಒಟ್ಟಿಗೆ ಕೂರಿಸಲು ಇದಕ್ಕಿಂತ ಕಡಿಮೆ ಖರ್ಚಿನ ಉಪಾಯ ಅದಕ್ಕೆ ಸಿಕ್ಕಿಲ್ಲ.

ಒಂದು ಮಾತು ಇದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಸಂಖ್ಯೆ ಕೂಗುವಾಗ ಇಂಗ್ಲಿಷಿನ ಹಳಸಲು ಪ್ರಾಸಗಳನ್ನೇ ಏಕೆ ಹಿಡಿದುಕೊಂಡಿದ್ದೀರಿ? 88 ಬಂದೊಡನೆ ‘ಇಬ್ಬರು ದಪ್ಪ ಹೆಂಗಸರು’ ಎನ್ನುವುದು ನನಗೆ ಎಂದೂ ರುಚಿಸಲಿಲ್ಲ. ಬೀದರಿನ ವಾಯುನೆಲೆಯ ಮೆಸ್ಸಿನಲ್ಲಿ ಧಾರವಾಡ ಕಡೆಯ ವಾರಂಟ್ ಆಫೀಸರೊಬ್ಬರು 88ಕ್ಕೆ ‘ನಾಲ್ಕು ಕೋಡುಬಳೆ’ ಎಂದು ಕೂಗುತ್ತಿದ್ದರು. 11 ಬಂದರೆ ‘ಜೋಡಿ ಒನಕೆ’, 90 ಬಂದರೆ ‘ಮಾಳಿಗೆ ಮುಟ್ಟಿತು’. ಪಂಜಾಬಿನ ಹೆಂಗಸರು ಕೂಡ ತಿಂಗಳೊಪ್ಪತ್ತಿನಲ್ಲಿ ಕೋಡುಬಳೆ ಎನ್ನಲು ಕಲಿತರು. ರಾಜ್ಯೋತ್ಸವದ ದಿನವಾದರೂ ನಿಮ್ಮಲ್ಲಿ ಹೀಗೆ ಕೂಗಿಸಿ.

ಪ್ರಶ್ನೆ: ನಾನು ಉಡುಪಿಯವಳು, ಇಂಗ್ಲೆಂಡಿನ ಉತ್ತರದ ಸಂಡರ್‌ಲ್ಯಾಂಡಿನಲ್ಲಿ ನರ್ಸ್. ನಮ್ಮ ವಾರ್ಡಿನ ಅಜ್ಜಿಯರಿಗೆ ಜ್ವರ ಇಳಿದೊಡನೆ ಬಿಂಗೋ ಆಡಿಸುವ ಹಾಲಿನ (ಸಭಾಂಗಣದ) ಚಿಂತೆ. ಲಂಡನ್ನಿನ ಹತ್ತಿರದಲ್ಲಿರುವ ನನ್ನ ಗೆಳತಿ ಇಂಥ ಮಾತನ್ನು ಕೇಳಿಯೇ ಇಲ್ಲವಂತೆ. ಉತ್ತರಕ್ಕೂ ದಕ್ಷಿಣಕ್ಕೂ ಈ ಅಂತರ ಹೇಗೆ ಬಂತು? (ಪಿ.ಡಿ., ಸಂಡರ್‌ಲ್ಯಾಂಡ್)

ನಿಮ್ಮ ಅಜ್ಜಿಯರ ಹಾಲಿನ ಕಟ್ಟಡವನ್ನೊಮ್ಮೆ ತಲೆಯೆತ್ತಿ ನೋಡಿ. ಹಳೆಯದಾಗಿದ್ದರೆ ಅದು ಬಹುಶಃ ಸಿನಿಮಾ ಮಂದಿರವಾಗಿದ್ದೀತು. ಬ್ರಿಟನ್ನಿನಲ್ಲಿ 1960ರ ಜೂಜು ಕಾಯ್ದೆ 1961ರ ಜನವರಿ 1ರಿಂದ ಜಾರಿಗೆ ಬಂದು, ವ್ಯಾಪಾರಕ್ಕಾಗಿ ಬಿಂಗೋ ನಡೆಸಲು ದಾರಿ ತೆರೆಯಿತು. ಅದೇ ಹೊತ್ತಿಗೆ ಮನೆಮನೆಗೆ ಟಿ.ವಿ. ಬಂದು ಚಿತ್ರಮಂದಿರಗಳು ಬಿಕೋ ಎನ್ನುತ್ತಿದ್ದವು. ಸಾವಿರಾರು ಆಸನ, ವೇದಿಕೆ, ಟಿಕೆಟ್ ಕಿಂಡಿ, ಊರ ನಡುವಿನ ಜಾಗ ಎಲ್ಲವೂ ತಯಾರಿದ್ದವು. ಪರದೆಯ ಮುಂದೆ ಸಂಖ್ಯೆಯ ಯಂತ್ರ ತಂದಿಟ್ಟರಾಯಿತು. ನಮ್ಮಲ್ಲಿ ಟೆಂಟು, ಟಾಕೀಸುಗಳು ಮುಚ್ಚಿದಾಗ ಕಲ್ಯಾಣಮಂಟಪಗಳಾದವು, ಅವರಲ್ಲಿ ಬಿಂಗೋ ಹಾಲುಗಳಾದವು.

ಉತ್ತರದಲ್ಲೇ ಏಕೆ ಬೇರೂರಿತು ಎನ್ನುವುದಕ್ಕೆ ಹೆಂಗಸರನ್ನು ನೋಡಬೇಕು. ಹಡಗು ಕಟ್ಟೆ, ಕಲ್ಲಿದ್ದಲು ಗಣಿ, ಹತ್ತಿ ಗಿರಣಿಗಳ ಊರುಗಳವು. ಸ್ಕಾಟ್ಲೆಂಡಿನ ಗ್ಲಾಸ್ಗೋವನ್ನೂ ಸೇರಿಸಿ. ಗಂಡಸರಿಗೆ ಪಬ್ ಇತ್ತು, ಫುಟ್‌ಬಾಲ್ ಮೈದಾನವಿತ್ತು, ಕಾರ್ಮಿಕರ ಕ್ಲಬ್ಬಿತ್ತು. ನಡುವಯಸ್ಸಿನ ಹೆಂಗಸೊಬ್ಬಳು ಸಂಜೆ ಒಬ್ಬಳೇ ಪಬ್ಬಿಗೆ ಹೋದರೆ ತಲೆಗಳು ತಿರುಗುತ್ತಿದ್ದವು. ಬಿಂಗೋ ಹಾಲಿಗೆ ಹೋದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಬೆಳಕಿತ್ತು, ಕೂರಲು ಜಾಗವಿತ್ತು, ಚಹಾ ಸಿಗುತ್ತಿತ್ತು, ಪಕ್ಕದ ಬೀದಿಯ ಗೆಳತಿ ಬಂದಿರುತ್ತಿದ್ದಳು, ಬಸ್ಸು ನಿಲ್ಲಿಸುವ ಜಾಗ ಬಾಗಿಲಲ್ಲೇ. ಪತ್ರಿಕೆಗಳಲ್ಲಿ ಬುದ್ಧಿವಂತರು ‘ಬುದ್ಧಿಗೇಡಿ ಆಟ’ ಎಂದು ಮೂದಲಿಸಿದ್ದೂ ಇದನ್ನೇ. ಅದೇ ಬುದ್ಧಿವಂತರು ಗಂಡಸರು ಕುದುರೆಗೆ ದುಡ್ಡು ಕಟ್ಟುವುದನ್ನು ‘ಹವ್ಯಾಸ’ ಎನ್ನುತ್ತಿದ್ದರು ಎನ್ನುವುದನ್ನು ನೆನಪಿಡಿ.

ನಿಮ್ಮ ಗೆಳತಿಗೆ ಒಂದು ಮಾತು ಹೇಳಿ. ದಕ್ಷಿಣ ಲಂಡನ್ನಿನ ಟೂಟಿಂಗ್‌ನಲ್ಲಿ 1931ರಲ್ಲಿ ಗ್ರನಾಡಾ ಎಂಬ ಚಿತ್ರಮಂದಿರ ತೆರೆಯಿತು. ಒಳಗೆ ಕಾಲಿಟ್ಟರೆ ಯುರೋಪಿನ ಹಳೆಯ ಕೆಥಡ್ರಲ್ಲೊಂದಕ್ಕೆ ಬಂದಂತಿರುವ ಕಮಾನುಗಳು. ಸಂರಕ್ಷಿತ ಕಟ್ಟಡಗಳ ಅತ್ಯುನ್ನತ ದರ್ಜೆ ಅದಕ್ಕೆ ಸಿಕ್ಕಿದೆ, ಮತ್ತು ಅದು ಬಿಂಗೋ ಹಾಲಾಗಿಯೇ ಬದುಕಿ ಉಳಿಯಿತು. ಕೆಲಸಗಾರರ ಬೀದಿಗಳಿದ್ದ ಕಡೆ ದಕ್ಷಿಣದಲ್ಲೂ ಆಟ ಇತ್ತು, ಕಡಲತೀರದ ವಿಹಾರದ ಊರುಗಳಲ್ಲಿ ಈಗಲೂ ಇದೆ.

ಹಾಲುಗಳು ಒಂದೊಂದಾಗಿ ಮುಚ್ಚಿದ್ದಕ್ಕೆ ಮೊಬೈಲನ್ನು ಮಾತ್ರ ಬಯ್ಯಬೇಡಿ. ಸಾರ್ವಜನಿಕ ಸ್ಥಳಗಳ ಒಳಗೆ ಸಿಗರೇಟು ಸೇದಬಾರದೆಂಬ ಕಾಯ್ದೆ ಸ್ಕಾಟ್ಲೆಂಡಿಗೆ 2006ರ ಮಾರ್ಚಿನಲ್ಲಿ, ಇಂಗ್ಲೆಂಡಿಗೆ 2007ರ ಜುಲೈಯಲ್ಲಿ ಬಂತು. ಹಾಲಿನವರ ಗಳಿಕೆ ಮುಖ್ಯ ಆಟದ ಟಿಕೆಟ್ಟಿನಿಂದ ಮಾತ್ರ ಬರುತ್ತಿರಲಿಲ್ಲ. ನಡುವಿನ ವಿರಾಮದಲ್ಲಿ ಮೇಜಿನ ಮೇಲೇ ಚಿಲ್ಲರೆ ಹಾಕಿ ಆಡುವ ಸಣ್ಣ ಆಟಗಳೂ ಸ್ಲಾಟ್ ಯಂತ್ರಗಳೂ ಜೇಬು ತುಂಬಿಸುತ್ತಿದ್ದವು. ಸೇದುವವರು ವಿರಾಮದಲ್ಲಿ ಹೊರಗೆ ಹೋಗಿ ನಿಂತರು, ಆ ದುಡ್ಡು ಹೋಯಿತು. ನರ್ಸ್ ಆದ ನಿಮಗೆ ಈ ಕಾಯ್ದೆಯ ಬಗ್ಗೆ ಬೇರೆಯದೇ ಅಭಿಪ್ರಾಯವಿರುತ್ತದೆ, ನನಗೂ ಅದೇ. ಹಾಲಿನ ಮಾಲೀಕರ ಲೆಕ್ಕವನ್ನು ಹೇಳಿದೆನಷ್ಟೆ.

ಪ್ರಶ್ನೆ: ನ್ಯೂಜೆರ್ಸಿಯ ನಮ್ಮ ಕನ್ನಡ ಕೂಟದಲ್ಲಿ 90ರ ಟಿಕೆಟ್ ಆಡುತ್ತೇವೆ. ಇಲ್ಲಿನವರ ಚರ್ಚುಗಳಲ್ಲಿ 1ರಿಂದ 75ರವರೆಗಿನ ಸಂಖ್ಯೆಗಳ ಚೌಕ ಕಾರ್ಡು. ಯೂಟಾದಲ್ಲಿರುವ ನನ್ನ ತಮ್ಮ ‘ನಮ್ಮಲ್ಲಿ ಯಾವುದೂ ಇಲ್ಲ’ ಎನ್ನುತ್ತಾನೆ. ಒಂದೇ ದೇಶದಲ್ಲಿ ಹೀಗೇಕೆ? (ಆರ್.ಎನ್., ಎಡಿಸನ್)

75ರ ಕಾರ್ಡಿನ ಹಿಂದೆ ಎಡ್ವಿನ್ ಲೋ ಎಂಬ ಆಟಿಕೆ ವ್ಯಾಪಾರಿ ಇದ್ದಾನೆ. 1929ರಲ್ಲಿ ಜಾರ್ಜಿಯಾದ ಜಾತ್ರೆಯೊಂದರಲ್ಲಿ ಜನರು ಕಾಳುಗಳಿಂದ ಸಂಖ್ಯೆ ಮುಚ್ಚುತ್ತ ಆಡುತ್ತಿದ್ದ ‘ಬೀನೋ’ವನ್ನು ನೋಡಿ ನ್ಯೂಯಾರ್ಕಿಗೆ ತಂದು ಮಾರಿದ. ಚರ್ಚುಗಳು ಕೈಗೆತ್ತಿಕೊಂಡಾಗ ತೊಂದರೆ ಶುರುವಾಯಿತು: ಕಾರ್ಡುಗಳು ಕಡಿಮೆ, ಜನ ಹೆಚ್ಚು, ಒಂದೇ ಆಟಕ್ಕೆ ಹಲವರು ಗೆದ್ದವರು. ಆಗ ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕ ಕಾರ್ಲ್ ಲೆಫ್ಲರ್ ಆರು ಸಾವಿರ ಬೇರೆ ಬೇರೆ ಕಾರ್ಡುಗಳನ್ನು ಕೈಯಿಂದಲೇ ಜೋಡಿಸಿಕೊಟ್ಟರು. ಗಣಿತದವರು ಜಗತ್ತಿಗೆ ಮಾಡಿದ ಉಪಕಾರಗಳಲ್ಲಿ ಇದನ್ನು ಯಾರೂ ಎಣಿಸುವುದಿಲ್ಲ.

ಯೂಟಾ ಮತ್ತು ಹವಾಯಿ ರಾಜ್ಯಗಳಲ್ಲಿ ಯಾವ ಬಗೆಯ ಜೂಜಿಗೂ ಕಾನೂನಿನ ಒಪ್ಪಿಗೆಯಿಲ್ಲ, ಧರ್ಮಾರ್ಥದ ಬಿಂಗೋಗೂ ಇಲ್ಲ. ಯೂಟಾದಲ್ಲಿ ಪ್ರಬಲವಾಗಿರುವ ಮಾರ್ಮನ್ ಎಂಬ ಪಂಥದ ಚರ್ಚು ಜೂಜಿಗೆ ಕಟ್ಟಾ ವಿರೋಧಿ. ನ್ಯೂಜೆರ್ಸಿಯಲ್ಲಿ ಚರ್ಚು ಆಡಿಸುತ್ತದೆ, ಅಲ್ಲಿ ಚರ್ಚು ಬೇಡವೆನ್ನುತ್ತದೆ. ಆಡಿಸುವವರೇ ಅಡ್ಡ ನಿಂತ ಮೇಲೆ ಆಟವೆಲ್ಲಿಂದ ಬಂದೀತು?

ಅಮೆರಿಕದ ಮೂಲನಿವಾಸಿಗಳ ಕಥೆ ನಿಜಕ್ಕೂ ದೊಡ್ಡದು. ಫ್ಲಾರಿಡಾದ ಸೆಮಿನೋಲ್ ಬುಡಕಟ್ಟಿನವರು 1979ರಲ್ಲಿ ತಮ್ಮ ನೆಲದಲ್ಲಿ ದೊಡ್ಡ ಮೊತ್ತದ ಬಿಂಗೋ ಹಾಲು ತೆರೆದರು. ರಾಜ್ಯ ಸರ್ಕಾರದ ನಿಯಮ ತಮ್ಮ ನೆಲಕ್ಕೆ ಅನ್ವಯಿಸದು ಎಂದು ನ್ಯಾಯಾಲಯದಲ್ಲಿ ಹೋರಾಡಿ ಗೆದ್ದರು. ಕ್ಯಾಲಿಫೋರ್ನಿಯಾದ ಕಬಾಜೋನ್ ಬುಡಕಟ್ಟಿನ ಮೊಕದ್ದಮೆಯಲ್ಲಿ 1987ರಲ್ಲಿ ಸುಪ್ರೀಂ ಕೋರ್ಟ್ ಬುಡಕಟ್ಟಿನ ಪರವಾಗಿ ತೀರ್ಪು ಕೊಟ್ಟಿತು, ಮರುವರ್ಷ ಅದಕ್ಕೆಂದೇ ಕಾಯ್ದೆ ಬಂತು. ಕನೆಕ್ಟಿಕಟ್ಟಿನ ಪೀಕ್ವಾಟ್ ಜನ 1986ರಲ್ಲಿ ಬಿಂಗೋ ಹಾಲಿನಿಂದ ಆರಂಭಿಸಿ 1992ರ ಹೊತ್ತಿಗೆ ಫಾಕ್ಸ್‌ವುಡ್ಸ್ ಎಂಬ ಭಾರಿ ಕ್ಯಾಸಿನೋ ಕಟ್ಟಿದರು. ನೆಲ ಕಿತ್ತುಕೊಂಡವರ ಮೊಮ್ಮಕ್ಕಳು ಟಿಕೆಟ್ ಕೊಂಡು ಬಂದು ಕೂರುವಂತಾಯಿತು. ಅಮೆರಿಕದ ಬಿಂಗೋ ನಕ್ಷೆಯಲ್ಲಿ ಹಳ್ಳಿಗಾಡಿನ ನಡುವೆ ಇದ್ದಕ್ಕಿದ್ದಂತೆ ದೊಡ್ಡ ಹಾಲು ಕಂಡರೆ, ಅದು ಬುಡಕಟ್ಟಿನ ನೆಲವೇ ಎಂದು ಮೊದಲು ವಿಚಾರಿಸಿ.

ಪ್ರಶ್ನೆ: ಒಟ್ಟಿಗೆ ಆರು ಟಿಕೆಟ್ ಕೊಂಡರೆ ಗೆಲುವು ಖಚಿತವೇ? (ಕೆ.ಜಿ., ಶಿವಮೊಗ್ಗ)

ಖಚಿತವಲ್ಲ, ಆರು ಪಟ್ಟು ಖರ್ಚು ಮಾತ್ರ ಖಚಿತ. ಬ್ರಿಟನ್ನಿನಲ್ಲಿ ಆರು ಟಿಕೆಟ್‌ಗಳ ಪಟ್ಟಿಯನ್ನು ಒಟ್ಟಿಗೆ ಮಾರುತ್ತಾರೆ. ಅದರಲ್ಲಿ 1ರಿಂದ 90ರವರೆಗಿನ ಪ್ರತಿ ಸಂಖ್ಯೆಯೂ ಒಂದೊಂದು ಸಲ ಇರುತ್ತದೆ. ಯಾವ ಸಂಖ್ಯೆ ಕೂಗಿದರೂ ನೀವು ಎಲ್ಲಿಯಾದರೂ ಗೀಚುತ್ತಲೇ ಇರುತ್ತೀರಿ, ಗೆಲ್ಲುತ್ತಿದ್ದೇನೆ ಎಂಬ ಭ್ರಮೆ ಹುಟ್ಟುತ್ತದೆ. ಮಾರುವವರ ಜಾಣತನ ಅಲ್ಲಿದೆ. ನಿಮ್ಮ ಅವಕಾಶವೋ, ಒಟ್ಟು ಟಿಕೆಟ್‌ಗಳಲ್ಲಿ ನಿಮ್ಮ ಕೈಯಲ್ಲಿರುವ ಪಾಲು ಎಷ್ಟೋ ಅಷ್ಟೇ.

ಇದಕ್ಕಿಂತ ಸ್ವಾರಸ್ಯದ ಲೆಕ್ಕ ಇನ್ನೊಂದಿದೆ. ಒಂದೇ ಟಿಕೆಟ್ಟು ಪೂರ್ತಿ ಮುಗಿಯಬೇಕಾದರೆ ಸರಾಸರಿ 85 ಸಂಖ್ಯೆಗಳನ್ನು ಕೂಗಬೇಕು, ಎಂದರೆ ಚೀಲ ಹೆಚ್ಚುಕಡಿಮೆ ಬರಿದಾಗಬೇಕು. ಸುಮಾರು 40 ಟಿಕೆಟ್ ಮಾರಿದ ಕೂಟದಲ್ಲಿ 70ನೆಯ ಸಂಖ್ಯೆಯ ಹೊತ್ತಿಗೆ ಯಾರಾದರೊಬ್ಬರು ಫುಲ್ ಹೌಸ್ ಎನ್ನುವ ಸಂಭವ ಅರ್ಧಕ್ಕರ್ಧ. 600 ಟಿಕೆಟ್ ಮಾರಿದ ಕಡೆ 60ಕ್ಕೇ ಆ ಸಂಭವ ಬಂದಿರುತ್ತದೆ. ಜನ ಹೆಚ್ಚಿದಷ್ಟೂ ಆಟ ಬೇಗ ಮುಗಿಯುತ್ತದೆ, ಬಹುಮಾನವೂ ದೊಡ್ಡದಾಗುತ್ತದೆ. ಚಿಕ್ಕ ಊರುಗಳಲ್ಲಿ ಆಟ ಬೇರೂರದಿರಲು ಇದೂ ಒಂದು ಕಾರಣ: ಹದಿನೈದು ಮಂದಿ ಕೂತು ಚಿಲ್ಲರೆ ಬಹುಮಾನಕ್ಕಾಗಿ ಎಪ್ಪತ್ತೈದರ ಹತ್ತಿರದವರೆಗೆ ಕಾಯುವುದರಲ್ಲಿ ರುಚಿಯಿಲ್ಲ.

ಪ್ರಶ್ನೆ: ಮಗಳು ಇಟಲಿಯಲ್ಲಿ ಓದುತ್ತಿದ್ದಾಳೆ. ಕ್ರಿಸ್‌ಮಸ್ಸಿಗೆ ನೇಪಲ್ಸಿನ ಗೆಳತಿಯ ಮನೆಗೆ ಹೋಗಿದ್ದಳು. ತಂಬೋಲಾದಲ್ಲಿ ಸಂಖ್ಯೆ ಕೂಗಿದಾಗಲೆಲ್ಲ ಮನೆಮಂದಿ ಬಿದ್ದು ಬಿದ್ದು ನಗುತ್ತಿದ್ದರಂತೆ. ಏನಿದರ ಗುಟ್ಟು? (ವಿ.ಆರ್., ಮೈಸೂರು)

ನಿಮ್ಮ ಮಗಳ ಬಗ್ಗೆ ನನಗೆ ಹೊಟ್ಟೆಕಿಚ್ಚಾಗುತ್ತಿದೆ. ಈ ಆಟ ಅತ್ಯಂತ ಜೀವಂತವಾಗಿರುವ ಮನೆಗೇ ಅವಳು ಹೋಗಿದ್ದಾಳೆ.

ನೇಪಲ್ಸಿನವರು ಹೇಳಿಕೊಳ್ಳುವ ಕಥೆ ಹೀಗಿದೆ. 1734ರಲ್ಲಿ ದೊರೆ ಚಾರ್ಲ್ಸ್ ಬೂರ್ಬೋನನಿಗೂ ಗ್ರೆಗೋರಿಯೋ ರೋಕ್ಕೋ ಎಂಬ ಡೊಮಿನಿಕನ್ ಪಾದ್ರಿಗೂ ಸರ್ಕಾರಿ ಲಾಟರಿಯ ವಿಚಾರದಲ್ಲಿ ಜಗಳ ಹತ್ತಿತು. ದೊರೆಗೆ ಅದರಿಂದ ಬರುವ ಆದಾಯ ಬೇಕು, ಪಾದ್ರಿಗೆ ಜನರ ಆತ್ಮ ಕೆಡಬಾರದು. ಕ್ರಿಸ್‌ಮಸ್ ವಾರದಲ್ಲಿ ಮಾತ್ರ ಲಾಟರಿ ನಿಲ್ಲಿಸುವುದೆಂದು ರಾಜಿಯಾಯಿತು. ಜನ ಸುಮ್ಮನಿದ್ದಾರೆಯೇ? 90 ಸಂಖ್ಯೆಗಳನ್ನು ಬುಟ್ಟಿಗೆ ಹಾಕಿಕೊಂಡು ಮನೆಯೊಳಗೇ ಆಡತೊಡಗಿದರು. ಇಂದಿಗೂ ಅವರದು ಮನೆಯ ಆಟ. ಕೂಗಿದ ಸಂಖ್ಯೆಯನ್ನು ಮುಚ್ಚಲು ಅವರೆಯಂಥ ಕಾಳು, ಬೇಳೆ, ತಿಂದು ಬಿಟ್ಟ ಕಿತ್ತಳೆಯ ಸಿಪ್ಪೆಯ ಚೂರು. ಸಾಲಿನಲ್ಲಿ ಎರಡು ಬಂದರೂ ಬಹುಮಾನ, ಮೂರಕ್ಕೆ ಬೇರೆ, ನಾಲ್ಕಕ್ಕೆ ಬೇರೆ, ಐದಕ್ಕೆ ಬೇರೆ, ಪೂರ್ತಿ ಆದರೆ ‘ತಂಬೋಲಾ!’ ಚಿಳ್ಳೆಪಿಳ್ಳೆಗಳಿಗೂ ಏನಾದರೊಂದು ದಕ್ಕುತ್ತದೆ.

ನಗುವಿನ ಗುಟ್ಟು ‘ಸ್ಮೋರ್ಫಿಯಾ’ದಲ್ಲಿದೆ. ನಮ್ಮಲ್ಲಿ ಹಲ್ಲಿ ಶಕುನದ ಪುಸ್ತಕ ಇರುವಂತೆ ಅವರಲ್ಲಿ ಕನಸಿನಲ್ಲಿ ಕಂಡದ್ದನ್ನು ಸಂಖ್ಯೆಗೆ ಇಳಿಸುವ ಪಟ್ಟಿ ಇದೆ. 25 ಕ್ರಿಸ್‌ಮಸ್, 33 ಕ್ರಿಸ್ತನ ವಯಸ್ಸು, 22 ಹುಚ್ಚ, 77 ಹೆಂಗಸರ ಕಾಲು, 90 ಹೆದರಿಕೆ. 47 ಸತ್ತವನು, 48 ಮಾತನಾಡುವ ಸತ್ತವನು. ಕೂಗುವ ಅಜ್ಜಿ ಸಂಖ್ಯೆ ಹೇಳುವುದೇ ಇಲ್ಲ, ಹೆಸರು ಹೇಳುತ್ತಾಳೆ. ಒಂದರ ಹಿಂದೊಂದು ಬಂದ ಹೆಸರುಗಳನ್ನು ಪೋಣಿಸಿ ಕಥೆ ಕಟ್ಟುತ್ತಾಳೆ. ಹುಚ್ಚ ಬಂದ, ಹೆಂಗಸರ ಕಾಲು ಕಂಡ, ಹೆದರಿದ, ಸತ್ತ, ಸತ್ತವನು ಮಾತನಾಡಿದ. ಮಗಳಿಗೆ ಭಾಷೆ ಅಷ್ಟು ಬಾರದಿದ್ದುದೇ ಒಳ್ಳೆಯದಾಯಿತು, ಕೆಲವು ಸಂಖ್ಯೆಗಳ ಅರ್ಥವನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕಲಾಗದು. ಅಲ್ಲಿನ ಹಳೆಯ ಕೇರಿಗಳಲ್ಲಿ, ಹೆಣ್ಣುಡುಗೆಯುಟ್ಟು ಬದುಕುವ ‘ಫೆಮ್ಮಿನಿಯೆಲ್ಲಿ’ ಸಮುದಾಯದವರು ಕೂಗುವ ತಂಬೋಲಾ ಎಂದರೆ ಅರ್ಧ ನಾಟಕವೇ.

ಬ್ರಿಟನ್ನಿನಂತೆ ಹಾಲು ಬೇಕಿಲ್ಲ, ಅಮೆರಿಕದಂತೆ ಚರ್ಚು ಬೇಕಿಲ್ಲ. ಇಲ್ಲಿ ಆಡಿಸುವ ಸಂಸ್ಥೆ ಅಜ್ಜಿ.

ಪ್ರಶ್ನೆ: ಬೇರೆ ದೇಶಗಳಲ್ಲಿ ವಿಚಿತ್ರ ಪದ್ಧತಿಗಳಿವೆಯೇ? (ಎಲ್.ಬಿ., ತುಮಕೂರು)

ಸ್ವೀಡನ್ನಿನಲ್ಲಿ ಬೇಸಿಗೆಯಲ್ಲಿ ಬಯಲಿಗೆ ಕಾರು ತಂದು ನಿಲ್ಲಿಸಿ ಒಳಗೇ ಕುಳಿತು ಆಡುತ್ತಾರೆ, ಗೆದ್ದವರು ಹಾರನ್ ಹೊಡೆಯುತ್ತಾರೆ. ಜಪಾನಿನಲ್ಲಿ ಕಚೇರಿಯ ವರ್ಷಾಂತ್ಯದ ಕೂಟ ಮತ್ತು ಮದುವೆಯ ನಂತರದ ಗೆಳೆಯರ ಕೂಟದಲ್ಲಿ ಬಿಂಗೋ ಕಾರ್ಡು ಹಂಚುತ್ತಾರೆ, ಅಲ್ಲಿ ವಸ್ತುಗಳೇ ಬಹುಮಾನ. ನ್ಯೂಜಿಲೆಂಡಿನಲ್ಲಿ ನಮ್ಮ ಮಂಗಳೂರಿನಂತೆ ‘ಹೌಸಿ’ ಎಂದೇ ಹೆಸರು. ಹಾರನ್ ಪದ್ಧತಿ ಬೆಂಗಳೂರಿಗೆ ಬಾರದಿರಲಿ.

ಪ್ರಶ್ನೆ: ತಂಬೋಲಾ ಜೂಜೇ? ನಮ್ಮ ಬಡಾವಣೆಯ ಹಿರಿಯರೊಬ್ಬರು ಪೊಲೀಸರಿಗೆ ಹೇಳುತ್ತೇನೆ ಎನ್ನುತ್ತಿದ್ದಾರೆ. (ಎಂ.ಎಚ್., ಹುಬ್ಬಳ್ಳಿ)

ಸಂಖ್ಯಾಶಾಸ್ತ್ರದ ಕಡೆಯಿಂದ ಹೇಳುವುದಾದರೆ ಇದರಲ್ಲಿ ಕೌಶಲ ಎಳ್ಳಷ್ಟೂ ಇಲ್ಲ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ, ಆ ಆಸರೆ ತಂಬೋಲಾಕ್ಕೆ ಸಿಗದು. ನಮ್ಮ ರಾಜ್ಯ 2007ರಲ್ಲಿ ಲಾಟರಿಯನ್ನೂ ನಿಲ್ಲಿಸಿದೆ. ಗಡಿಯಾಚೆ ಕಾಸರಗೋಡಿಗೆ ಹೋದರೆ ಕೇರಳ ಸರ್ಕಾರವೇ 1967ರಿಂದ ನಡೆಸುತ್ತಿರುವ ಲಾಟರಿಯ ಟಿಕೆಟ್ಟು ಬಸ್ ನಿಲ್ದಾಣದಲ್ಲೇ ಸಿಗುತ್ತದೆ. ಲಾಕ್‌ಡೌನಿನಲ್ಲಿ ವಾಟ್ಸ್‌ಆ್ಯಪ್ ಮೂಲಕ ಟಿಕೆಟ್ಟು ಕಳುಹಿಸಿ, ಮೊಬೈಲಿನಲ್ಲೇ ದುಡ್ಡು ಪಡೆದು ಆಡಿಸುವುದನ್ನು ಕೆಲವರು ಕಲಿತರು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಆಟಗಳ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸುತ್ತದೆ. ಆ ದಾರಿಗೆ ಹೋಗಲೇಬೇಡಿ.

ನಾನು ಕಂಡ ಒಳ್ಳೆಯ ಏರ್ಪಾಡು ಇದು: ಟಿಕೆಟ್ಟಿಗೆ ದುಡ್ಡಿಲ್ಲ, ಬಹುಮಾನ ಸಂಘದ ನಿಧಿಯಿಂದ. ಜಲ್ದಿ ಫೈವಿಗೆ ಸ್ಟೀಲ್ ಡಬ್ಬಿ, ಸಾಲುಗಳಿಗೆ ಬೆಡ್‌ಶೀಟ್, ಫುಲ್ ಹೌಸಿಗೆ ಕುಕ್ಕರ್. ಸಂಖ್ಯೆ ಕೂಗುವ ಕೆಲಸವನ್ನು ಆ ಹಿರಿಯರಿಗೇ ವಹಿಸಿ. ಅವರಿಗೆ ಗಟ್ಟಿ ಗಂಟಲಿರುವುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ.

ಪ್ರಶ್ನೆ: ನಾನು ಒಂಬತ್ತನೆಯ ತರಗತಿ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಆಡುವ ಬಿಂಗೋದಲ್ಲಿ ಗೆಲ್ಲಲು ಉಪಾಯ ಇದೆಯೇ ಮೇಡಂ? (ದಾವಣಗೆರೆಯ ವಿದ್ಯಾರ್ಥಿನಿ)

ಇದೆ ಮಗು. ತಂಬೋಲಾದಲ್ಲಿ ಇಲ್ಲದ್ದು ನಿಮ್ಮ ಆಟದಲ್ಲಿದೆ, ಏಕೆಂದರೆ ಸಂಖ್ಯೆಗಳನ್ನು ಎಲ್ಲೆಲ್ಲಿ ಬರೆಯಬೇಕು, ಯಾವುದನ್ನು ಕೂಗಬೇಕು ಎನ್ನುವುದು ನಿನ್ನ ಕೈಯಲ್ಲೇ ಇದೆ. ಹಾಲು ಬೇಡ, ದುಡ್ಡು ಬೇಡ, ಕೂಗಲು ಬೇರೆಯವರು ಬೇಡ. ಪೆನ್ನು ಇದ್ದರೆ ಸಾಕು. ಅದಕ್ಕೇ ಹಾವೇರಿಯಾಗಲಿ ಮಂಗಳೂರಾಗಲಿ, ಯಾವ ಶಾಲೆಯ ಹಿಂದಿನ ಬೆಂಚಿಗೆ ಹೋದರೂ ಇದು ಸಿಗುತ್ತದೆ.

ನಿಮ್ಮ ಇಪ್ಪತ್ತೈದು ಮನೆಗಳ ಚೌಕದಲ್ಲಿ ಅಡ್ಡ ಐದು, ಉದ್ದ ಐದು, ಮೂಲೆಯಿಂದ ಮೂಲೆಗೆ ಎರಡು, ಒಟ್ಟು ಹನ್ನೆರಡು ಸಾಲುಗಳು. ನಡುಮನೆ ನಾಲ್ಕು ಸಾಲುಗಳಿಗೆ ಸೇರಿದೆ. ಮೂಲೆಗೆರೆಗಳ ಮೇಲಿರುವ ಉಳಿದ ಎಂಟು ಮನೆಗಳು ಮೂರು ಮೂರು ಸಾಲುಗಳಿಗೆ ಸೇರಿವೆ. ಮಿಕ್ಕ ಹದಿನಾರು ಎರಡೆರಡಕ್ಕೆ ಮಾತ್ರ. ಆದ್ದರಿಂದ ಮೊದಲು ನಡುಮನೆಯ ಸಂಖ್ಯೆಯನ್ನು ಕೂಗು, ಆಮೇಲೆ ಮೂಲೆಗೆರೆಯವನ್ನು. ಗೆಳತಿ ಕೂಗಿದ್ದರಿಂದ ಬೇರೆ ಸಾಲು ಮುಗಿಯುವ ಹಂತಕ್ಕೆ ಬಂದರೆ ಅದನ್ನು ಮುಗಿಸು. ಇನ್ನೊಂದು ಮಾತು: 1, 2, 3 ಎಂದು ವರಸೆಯಾಗಿ ತುಂಬಬೇಡ, 7 ಅಥವಾ 13ನ್ನು ಪ್ರತಿ ಸಲ ನಡುವೆ ಇಡಬೇಡ. ಗೆಳತಿಗೆ ನಿನ್ನ ನಡುಮನೆ ಯಾವುದೆಂದು ಗೊತ್ತಾದರೆ ಅವಳು ಆ ಸಂಖ್ಯೆಯನ್ನು ತಾನಾಗಿ ಎಂದೂ ಕೂಗುವುದಿಲ್ಲ. ಗಣಿತದ ತರಗತಿಯಲ್ಲಿ ಮಾತ್ರ ಆಡಬೇಡ, ನಿಮ್ಮ ಮೇಡಂ ಈ ಅಂಕಣ ಓದುತ್ತಾರೆ.